ಕರುವಿಗೆ ಹೇಳಿದ ಮಾತು

ತಪ್ಪು ಮಾಡಲು ಶಾಲೆಗೆ ಹೋಗಬೇಕಾಗಿಲ್ಲ, ಆದರೆ ಮಾಡಿದ್ದರ ಹೆಸರು ಎಂತ ಎಂದು ತಿಳಿಯಲು ವಕೀಲರೇ ಬೇಕು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಇದು ಅರವತ್ತೆಂಟನೇ ವಯಸ್ಸಿನಲ್ಲಿ ತಿಳಿಯಿತು. ನೆರೆಮನೆಯ ಸುಂದರ, ನನ್ನ ಕೈಯ ಪತ್ರೊಡೆ ತಿಂದು ಬೆಳೆದವನು. ಅವನ ಕರು ನನ್ನ ಬಸಳೆ ಚಪ್ಪರವನ್ನು ಬುಡದವರೆಗೆ ಮೇಯ್ದಿತ್ತು. ಹುಲ್ಲು ಕೊಯ್ಯುತ್ತಿದ್ದವಳು ಹಾಗೆಯೇ ಅವನ ಮನೆಯೊಳಗೆ ನುಗ್ಗಿ, ಕಾಲು ಮುರಿಯುತ್ತೇನೆ ಎಂದು ಹೇಳಿ ಬಂದೆ. ಕೈಯಲ್ಲಿ ಹುಲ್ಲು ಕೊಯ್ಯುವ ಕತ್ತಿ ಇದ್ದದ್ದು ನನಗೆ ನೆನಪೇ ಇರಲಿಲ್ಲ, ಅವನಿಗೆ ಮಾತ್ರ ಚೆನ್ನಾಗಿ ನೆನಪಿತ್ತು. ಪೊಲೀಸರ ಕಾಗದದಲ್ಲಿ ಅದು ಮನೆಗೆ ಅಕ್ರಮ ಪ್ರವೇಶ, ಅವಾಚ್ಯ ಶಬ್ದಗಳಿಂದ ನಿಂದನೆ, ಜೀವಬೆದರಿಕೆ ಎಂದಾಯಿತು. ಮಗ ಓದಿ ಹೇಳಿದಾಗ, ಈ ಹೆಂಗಸು ಯಾರಪ್ಪಾ ಎಂದು ನನಗೇ ಹೆದರಿಕೆಯಾಯಿತು.

ಕಾಲು ಮುರಿಯುತ್ತೇನೆ ಎಂದದ್ದು ಕರುವಿಗೆ ಎಂದು ವಕೀಲರಲ್ಲಿ ಹೇಳಿದೆ. ಪುತ್ತೂರಿನ ಆ ವಕೀಲ ಹುಡುಗಿ ನನ್ನ ಮಗನಿಗಿಂತ ಸಣ್ಣವಳು. ಇದು ಬರೀ ಆರೋಪ, ಸಾಬೀತಾಗುವ ತನಕ ನೀವು ತಪ್ಪಿತಸ್ಥರಲ್ಲ, ಕರುವಿನ ಕತೆ ವಿಚಾರಣೆಗೆ ಇರಲಿ ಎಂದು ಸಮಾಧಾನ ಮಾಡಿದಳು. ಜಾಮೀನು ಸಿಕ್ಕಿತು. ಎಲ್ಲ ಮುಗಿಯಿತೆಂದು ಖುಷಿಯಲ್ಲಿ ಅವಳಿಗೆ ಹಲಸಿನ ಹಪ್ಪಳದ ಕಟ್ಟು ಕೊಟ್ಟೆ.

"ಅಜ್ಜೀ, ಬಿಟ್ಟದ್ದು ನಿಮ್ಮನ್ನು. ಕೇಸನ್ನಲ್ಲ."

ಹಪ್ಪಳವನ್ನು ಮಾತ್ರ ಹಿಂದೆ ಕೊಡಲಿಲ್ಲ. ಷರತ್ತುಗಳನ್ನು ನನ್ನಿಂದಲೇ ಎರಡು ಸಲ ಹೇಳಿಸಿದಳು: ಕರೆದ ತಾರೀಕಿಗೆ ಬರಬೇಕು, ಸುಂದರನ ಹತ್ತಿರ ಮಾತಾಡಬಾರದು, ಅಪ್ಪಣೆ ಇಲ್ಲದೆ ಪುತ್ತೂರು ತಾಲೂಕು ದಾಟಬಾರದು. ಮೂರನೆಯದಕ್ಕೆ ನನಗೆ ನಗು ಬಂತು. ಕೆದಂಬಾಡಿಯ ಮುದುಕಿ ತಾಲೂಕು ದಾಟಿ ಎಲ್ಲಿಗೆ ಓಡಿಹೋಗುದು?

ಅಷ್ಟರಲ್ಲಿ ಸೊಸೆ ತನ್ನ ತವರು ಕಾಣಿಯೂರಿನಲ್ಲಿ ಹೆಣ್ಣು ಹೆತ್ತಳು. ನಮ್ಮ ಮನೆಯಲ್ಲಿ ಹೆಣ್ಣು ಮಗು ಹುಟ್ಟದೆ ಎರಡು ತಲೆಮಾರು ಆಗಿತ್ತು. ಕಂಡವರಿಗೆಲ್ಲ ಸುದ್ದಿ ಹೇಳಿದೆ, ಬಸ್ಸಿನ ಕಂಡಕ್ಟರನಿಗೂ. ತೊಟ್ಟಿಲು ಹಾಕುವ ದಿನಕ್ಕೆಂದು ಮೆತ್ತಗಿನ ಹಳೆ ಸೀರೆ ಒಗೆದು ಮಡಚಿ ಚೀಲದಲ್ಲಿಟ್ಟು, ವಕೀಲರಿಗೂ ಹೇಳೋಣ ಎಂದು ಫೋನು ಮಾಡಿದೆ. ಅವಳು ಮೊದಲು ಊರು ಯಾವುದೆಂದು ಕೇಳಿದಳು. ಕಾಣಿಯೂರು ಈಗ ಕಡಬ ತಾಲೂಕು, ಹೋದರೆ ಜಾಮೀನು ರದ್ದಾಗಬಹುದು ಎಂದಳು. ಕಡಬ ಹೊಸ ತಾಲೂಕು ಆದದ್ದು ಗೊತ್ತಿತ್ತು, ಹೋಗುವಾಗ ಕಾಣಿಯೂರನ್ನೂ ಕೊಂಡುಹೋಗಿದೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ತೊಟ್ಟಿಲಿಗೆ ನಾಲ್ಕೇ ದಿನ. ಅಪ್ಪಣೆ ಕೇಳಿ ಅರ್ಜಿ ಹಾಕಿದಳು. ಕೋರ್ಟಿನಲ್ಲಿ ನೋಡಿದರೆ ಸುಂದರ ಕೂತಿದ್ದಾನೆ! ತಡೆಯಲಿಕ್ಕೇ ಬಂದಿದ್ದಾನೆ ಎಂದುಕೊಂಡೆ. ಆಕ್ಷೇಪಣೆ ಉಂಟಾ ಎಂದು ನ್ಯಾಯಾಧೀಶರು ಕೇಳಿದಾಗ ಎದ್ದು ನಿಂತ.

"ಅಕ್ಕ ಮಗು ನೋಡ್ಲಿಕ್ಕೆ ಹೋಗ್ಲಿ ಸ್ವಾಮೀ. ಕತ್ತಿ ಮಾತ್ರ ಮನೆಯಲ್ಲೇ ಇಟ್ಟು ಹೋಗ್ಲಿ."

ಎರಡು ದಿನ ಸಿಕ್ಕಿತು. ಆ ಎರಡು ದಿನದಲ್ಲಿ ಮಗುವನ್ನು ಮಡಿಲಿನಿಂದ ಕೆಳಗಿಟ್ಟದ್ದು ಕಡಿಮೆ. ಹೇಳಿದ ಹೊತ್ತಿಗೆ ಸರಿಯಾಗಿ ಊರಿಗೆ ಮರಳಿದೆ.

ಮರುದಿನ ಬೆಳಿಗ್ಗೆ ಕರು ಪುನಃ ನನ್ನ ಬಸಳೆಯಲ್ಲಿ. ಬೇಲಿಯ ಆಚೆ ಸುಂದರ ಹಗ್ಗ ಹಿಡಿದು ನಿಂತಿದ್ದ, ಕರೆಯಲೂ ಇಲ್ಲ, ಹೋಗಲೂ ಇಲ್ಲ. ನನಗೆ ಷರತ್ತು ನೆನಪಿತ್ತು. ಕರುವಿನ ಬೆನ್ನು ಸವರುತ್ತಾ ಗಟ್ಟಿಯಾಗಿ ಹೇಳಿದೆ, "ಮಗು ಮೂರು ಕೆಜಿ ಉಂಟು ಮಾರಾಯ. ಮೂಗು ನನ್ನದೇ. ಹಟವೂ ಹಾಗೇ ಕಾಣ್ತದೆ."

ಬೇಲಿಯ ಆಚೆ ನಗು ಕೇಳಿಸಿತು. ಮುಂದಿನ ತಾರೀಕಿಗೆ ಯಾರಾದರೂ ಕೇಳಿದರೆ, ನಾನು ಮಾತಾಡಿದ್ದು ಕರುವಿನ ಹತ್ತಿರ ಎಂದೇ ಹೇಳುತ್ತೇನೆ. ಎರಡೂ ಸಲ.