ಸೊಳ್ಳೆ ಕಾಣೆಯಾದ ಮನೆ

ರೋಗವು ಬರುವ ಮುನ್ನವೇ ಅದನ್ನು ತಡೆಯತಕ್ಕದ್ದು ಎಂಬ ಘನ ಉದ್ದೇಶದಿಂದ ಚಾಮರಾಜನಗರದಲ್ಲಿ ಸ್ಥಾಪನೆಯಾದ ಪೂರ್ವರಕ್ಷಾ ಸಂಶೋಧನಾ ಸಂಸ್ಥೆಯು, ಡೆಂಗಿ ಸೊಳ್ಳೆಯ ಅಧ್ಯಯನಕ್ಕಾಗಿ ಗುಂಡ್ಲುಪೇಟೆ ತಾಲ್ಲೂಕು ತೆರಕಣಾಂಬಿಯ ಮರಿತಾಯಮ್ಮನ ಮನೆಯನ್ನು ‘ಅತ್ಯಪಾಯದ ಮಾದರಿ ಮನೆ’ ಎಂದು ಘೋಷಿಸಿತು. ಗೋಡೆಗೆ ಬೋರ್ಡೂ ಬಿತ್ತು.

ಮರಿತಾಯಮ್ಮನಿಗೆ ಆ ಬೋರ್ಡು ಕಂಡಾಗಲೆಲ್ಲ ಮೈ ಉರಿಯುತ್ತಿತ್ತು. ಹೋದ ಮಳೆಗಾಲದಲ್ಲಿ ಮೊಮ್ಮಗಳು ಪುಟ್ಟಿ ಇದೇ ಜ್ವರದಲ್ಲಿ ಮಲಗಿ, ಎದ್ದು ಕೂತದ್ದೇ ಮಾದಪ್ಪನ ಪುಣ್ಯ ಎನ್ನುವಂತಾಗಿತ್ತು. ಆಕೆ ಸೆರಗು ಸಿಕ್ಕಿಸಿ ನಿಂತಳು. ಬಚ್ಚಲ ಹಿಂದಿನ ಡ್ರಮ್ಮನ್ನು ತಿಕ್ಕಿ ತೊಳೆದು, ಬಾಯಿಗೆ ಹಳೇ ಸೀರೆ ಬಿಗಿದಳು. ತೆಂಗಿನ ಚಿಪ್ಪು, ಒಡೆದ ಮಡಕೆಗಳನ್ನೆಲ್ಲ ಬೋರಲು ಹಾಕಿದಳು. ಸ್ವಲ್ಪ ದಿನಕ್ಕೆ ಆ ಮನೆಯಲ್ಲಿ ದೀಪ ಹಚ್ಚಿ ಹುಡುಕಿದರೂ ಸೊಳ್ಳೆ ಸಿಗದಾಯಿತು.

ಸಂಸ್ಥೆಗೆ ಇದು ಆಘಾತ. ಕ್ಷೇತ್ರಾಧಿಕಾರಿ ಮಲ್ಲೇಶ್ ಜೀಪಿನಲ್ಲಿ ಧಾವಿಸಿ ಬಂದು, ಡ್ರಮ್ಮಿಗೆ ಟಾರ್ಚು ಬಿಟ್ಟು ನೋಡಿ, ತಲೆ ಮೇಲೆ ಕೈಹೊತ್ತು ಜಗಲಿಯಲ್ಲಿ ಕುಳಿತ.

“ಏನಮ್ಮಾ ಮಾಡ್ಬುಟ್ರಿ? ಒಂದು ಮರಿಯಾದ್ರೂ ಉಳಿಸ್ಬಾರ್ದಿತ್ತಾ?”

“ಡ್ರಮ್ ಮುಚ್ಚಿ ಅಂತ ನೀವೇ ಪೋಸ್ಟರ್ ಅಂಟ್ಸಿದ್ರಲ್ಲಪ್ಪ?”

“ಅದು ಊರಿನೋರಿಗೆ ಕಣಮ್ಮ. ನೀವು ಮಾದರಿ ಮನೆಯೋರು. ಸೊಳ್ಳೇನೇ ಇಲ್ದಿದ್ರೆ ನಾವು ತಡೆಯೋದು ಯಾವುದನ್ನ?”

ಮರುದಿನವೇ ಆದೇಶ ಹೊರಟಿತು: “ಸದರಿ ಮನೆಯ ಸೊಳ್ಳೆಗಳು ಪೂರ್ವಾನುಮತಿಯಿಲ್ಲದೆ ಕಾಣೆಯಾಗಿರುವುದನ್ನು ಗಂಭೀರವಾಗಿ ಪರಿಗಣಿಸಲಾಗಿದೆ. ಬೇಗೂರಿನಿಂದ ಆರೋಗ್ಯವಂತ ಸೊಳ್ಳೆಮರಿಗಳನ್ನು ತರಿಸಿ ಅವುಗಳಿಗೆ ಮರಿತಾಯಮ್ಮನ ಡ್ರಮ್ಮಿನಲ್ಲಿ ವಸತಿ ಕಲ್ಪಿಸತಕ್ಕದ್ದು. ಮನೆಯವರು ಸಹಕರಿಸತಕ್ಕದ್ದು.”

ಮರಿಗಳು ಬಾಟಲಿಯಲ್ಲಿ ಬಂದವು. ಮರಿತಾಯಮ್ಮ ಡ್ರಮ್ಮಿಗೆ ಅಡ್ಡ ನಿಂತಳು. ಒಳಗೆ ಪುಟ್ಟಿ ಮಗ್ಗಿ ಹೇಳುವುದು ಕೇಳಿಸುತ್ತಿತ್ತು.

“ಪ್ರಾಣ ಓದ್ರೂ ಬುಡಾಕಿಲ್ಲ ಕಣಪ್ಪ. ನಿಮಗೆ ಬೇಕಾಗಿರೋದು ಈ ಡ್ರಮ್ ತಾನೆ? ಎತ್ಕೊಂಡು ಓಗಿ.”

ಮಲ್ಲೇಶ್ ಫೋನಿನಲ್ಲಿ ನಿರ್ದೇಶಕ ಶಿವರುದ್ರಸ್ವಾಮಿಯವರನ್ನು ಕೇಳಿದ. ಆದೇಶದಲ್ಲಿ ‘ಮರಿತಾಯಮ್ಮನ ಡ್ರಮ್ಮು’ ಎಂದಿತ್ತೇ ಹೊರತು ಅದು ಎಲ್ಲಿರಬೇಕೆಂದು ಇರಲಿಲ್ಲ. ಮತ್ತೆ ಯಾರೂ ತೊಳೆಯದಂತೆ ಅದನ್ನು ಕಾಯಬೇಕಿತ್ತು; ಪಹರೆಯವನಿದ್ದದ್ದು ನಿರ್ದೇಶಕರ ಕ್ವಾರ್ಟರ್ಸಿನಲ್ಲಿ ಮಾತ್ರವಾದ್ದರಿಂದ, ಡ್ರಮ್ಮು ಜೀಪೇರಿ ಹೋಗಿ ಅವರ ಮಲಗುವ ಕೋಣೆಯ ಕಿಟಕಿಯ ಕೆಳಗೆ ನೆಲೆಸಿತು; ಬಾಟಲಿಯ ಮರಿಗಳನ್ನು ಅದಕ್ಕೇ ಸುರಿದರು. ಅಷ್ಟು ಜಾಗವನ್ನು ತೆರಕಣಾಂಬಿ ಎಂದೇ ಪರಿಗಣಿಸಲಾಯಿತು. ಬಂಡೀಪುರದ ಹೆದ್ದಾರಿಯಂತೆ ಡ್ರಮ್ಮಿನ ಸುತ್ತ ರಾತ್ರಿ ಸಂಚಾರ ನಿಷೇಧವಾಯಿತು.

ಮುಂದಿನ ತಿಂಗಳು ನಿರ್ದೇಶಕರಿಗೆ ಚಳಿ ಹಿಡಿದು ಜ್ವರ ಏರಿತು. ಸಂಸ್ಥೆಯಲ್ಲಿ ಮೈಸೂರು ಪಾಕು ಹಂಚಿದರು. ಮೊದಲ ಖಚಿತ ರೋಗಿ ಸಿಕ್ಕಿದ ಸಲುವಾಗಿ ಯೋಜನೆಯ ಅವಧಿ ವಿಸ್ತರಣೆಯಾಯಿತು. ರೋಗಿಯು ಮಾದರಿ ಮನೆಯ ಸದಸ್ಯನಾಗಿರತಕ್ಕದ್ದು ಎಂಬ ನಿಯಮವೊಂದು ಅಡ್ಡ ಬಂತು. ‘ಮರಿತಾಯಮ್ಮನ ಮಗ’ ಎಂದು ಬರೆದು ಅದನ್ನೂ ಪರಿಹರಿಸಿದರು.

ಸುದ್ದಿ ತಿಳಿದ ಮರಿತಾಯಮ್ಮನಿಗೆ ಮನಸ್ಸು ತಡೆಯಲಿಲ್ಲ. ರಾಗಿ ಗಂಜಿ ಕಟ್ಟಿಕೊಂಡು ಬಸ್ಸು ಹತ್ತಿದಳು. ನಿರ್ದೇಶಕರ ಹಣೆ ಮುಟ್ಟಿ ನೋಡಿ, ಸೊಳ್ಳೆಪರದೆ ಇಳಿಬಿಡಲು ಹೋದಳು. ಮಲ್ಲೇಶ್ ಕೈಮುಗಿದು ತಡೆದ. ಮಾದರಿ ಮನೆಯ ಸದಸ್ಯರಿಗೆ ಪರದೆ ನಿಷಿದ್ಧ.

“ಇರ್ಲಿ ಬಿಡವ್ವ,” ಎಂದರು ನಿರ್ದೇಶಕರು, ಗಂಜಿ ಗುಟುಕರಿಸುತ್ತ. “ರೂಲ್ಸು ಅಂದ್ಮೇಲೆ ರೂಲ್ಸು.”

“ಆಯ್ತು ಮಗ, ನೀನು ಮನಿಕ್ಕೊ,” ಎಂದು ಮರಿತಾಯಮ್ಮ ಮೇಜಿನ ಮೇಲಿದ್ದ ಸಂಸ್ಥೆಯ ವಾರ್ಷಿಕ ವರದಿಯನ್ನು ಎತ್ತಿಕೊಂಡು, ಮಂಚದ ಪಕ್ಕ ಕುಳಿತು ಬೀಸತೊಡಗಿದಳು. ಸೊಳ್ಳೆಗಳು ದೂರ ಸರಿದವು. ಬೀಸುವುದರ ಬಗ್ಗೆ ನಿಯಮವೇನೂ ಇರಲಿಲ್ಲ.