ಹಾಲುಮರದಹುಂಡಿಗೆ ಟ್ಯಾಂಕ್ ಮಂಜೂರಾದದ್ದು

ಗುಂಡ್ಲುಪೇಟೆ ತಾಲ್ಲೂಕು ಹಾಲುಮರದಹುಂಡಿಯ ಮಹಾಲಕ್ಷ್ಮಮ್ಮನವರು ಪಂಚಾಯ್ತಿ ಅಧ್ಯಕ್ಷೆಯಾಗಿ ಅಧಿಕಾರ ವಹಿಸಿಕೊಂಡಾಗ ಅವರಿಗೆ ಗೊತ್ತಿದ್ದ ಇಂಗ್ಲಿಷ್ ಪದಗಳಿಗೆಲ್ಲ ತಲಾ ಒಂದೊಂದೇ ಅರ್ಥವಿತ್ತು. ಬಸ್ಸು ಎಂದರೆ ಬಸ್ಸು, ಸೋಪು ಎಂದರೆ ಸೋಪು. ಸರ್ಕಾರದ ಬಳಿ ಇದಕ್ಕಿಂತ ಹೆಚ್ಚಿನ ಅರ್ಥಗಳ ದಾಸ್ತಾನಿದೆ ಎಂಬುದು ಊರ ಕೆರೆಯ ಏರಿ ಒಡೆದ ಮೇಲೆ ತಿಳಿಯಿತು.

ಏರಿ ಒಡೆದು, ಬಿದ್ದ ಮಳೆಯೆಲ್ಲ ಹಳ್ಳ ಸೇರಿ ಹೋಗುತ್ತಿತ್ತು. ಬತ್ತಿದ ಕೆರೆಯೊಳಗೆ ನಿಂತ ಎಮ್ಮೆಗಳು ತಮ್ಮನ್ನೇ ದಿಟ್ಟಿಸುವಾಗ, ಅವಕ್ಕೂ ಓಟು ಇದೆಯೇನೋ ಎಂಬಂತೆ ಅಧ್ಯಕ್ಷೆಗೆ ಮುಜುಗರವಾಗುತ್ತಿತ್ತು. ಏರಿ ಕಟ್ಟಿಸಿಕೊಡಿ ಎಂದು ಪಂಚಾಯ್ತಿಯಿಂದ ಮನವಿ ಹೋಯಿತು. ಚಾಮರಾಜನಗರದ ಜಲಸಮೃದ್ಧಿ ಕೋಶದವರು ಮೇಲಿನವರಿಗೆ ಅರ್ಥವಾಗಲೆಂದು ಅದನ್ನು ಇಂಗ್ಲಿಷಿಗೆ ತಿರುಗಿಸಿದರು. ಕೆರೆ ಎನ್ನಲು ಅವರ ಬಳಿ ಇದ್ದ ಪದ ಟ್ಯಾಂಕ್. ತಿಂಗಳೊಳಗೆ ಲಾರಿಯೊಂದು ಬಂದು, ಕಪ್ಪು ಪ್ಲಾಸ್ಟಿಕ್ ಟ್ಯಾಂಕೊಂದನ್ನು ಇಳಿಸಿ, ಪಕ್ಕದಲ್ಲಿ ಅಧ್ಯಕ್ಷೆಯನ್ನು ನಿಲ್ಲಿಸಿ ಫೋಟೋ ಹೊಡೆದುಕೊಂಡು ಹೋಯಿತು.

ಮಹಾಲಕ್ಷ್ಮಮ್ಮ ಬಸ್ಸು ಹತ್ತಿ ಚಾಮರಾಜನಗರಕ್ಕೆ ಬಂದು, ಕೋಶದ ಅಧಿಕಾರಿ ಬಸವಪ್ರಸಾದ್ ಅವರೆದುರು ನಿಂತರು.

“ಇದು ಆ ಟ್ಯಾಂಕಲ್ಲ ಕಣ ಸಾ.”

“ನೀವು ಟ್ಯಾಂಕ್ ಕೇಳಿದ್ರಿ, ಟ್ಯಾಂಕ್ ಬಂದಿದೆ. ಇನ್ಯಾವ ಟ್ಯಾಂಕಮ್ಮ?”

“ನಮ್ದು ಬಾಳ ದೊಡ್ದು. ನೆಲದ ಮ್ಯಾಲ ಇರದು. ಅಳೇ ಕಾಲ್ದು ಸಾ. ಇಷ್ಟು ವರ್ಸ ಊರ ಕಾಯ್ಕಂಡು ಬಂದುದು ಅದೇಯ.”

ಬಸವಪ್ರಸಾದ್ ಒಂದಕ್ಷರ ಬಿಡದೆ ಬರೆದುಕೊಂಡರು. ತಮ್ಮ ಮಾತನ್ನು ಯಾವ ಅಧಿಕಾರಿಯೂ ಇಷ್ಟು ಶ್ರದ್ಧೆಯಿಂದ ಕೇಳಿರಲಿಲ್ಲವೆಂದು ಮಹಾಲಕ್ಷ್ಮಮ್ಮನವರ ಕಣ್ಣು ತುಂಬಿತು. ಬಹಳ ದೊಡ್ಡದು, ನೆಲದ ಮೇಲೆ ನಿಲ್ಲುವುದು, ಹಳೆಯದು, ಊರು ಕಾಯುವುದು. ಇಷ್ಟೂ ಲಕ್ಷಣಗಳಿರುವ ಟ್ಯಾಂಕಿಗಾಗಿ ಸರ್ಕಾರ ಪ್ರಾಮಾಣಿಕವಾಗಿ ಹುಡುಕಿತು. ಹುಡುಕಿದ್ದು ಸಿಕ್ಕಿತು.

ಉದ್ದನೆಯ ಟ್ರೈಲರ್ ಲಾರಿಯ ಮೇಲೆ ಯುದ್ಧದಿಂದ ನಿವೃತ್ತವಾದ ಟ್ಯಾಂಕೊಂದು ಬೇಗೂರು ದಾಟಿದಾಗ ಟೀ ಕುಡಿಯುತ್ತಿದ್ದವರು ಲೋಟ ಹಿಡಿದೇ ಎದ್ದು ನಿಂತರು. ಹಾಲುಮರದಹುಂಡಿಯಲ್ಲಿ ಅದರ ಫಿರಂಗಿ ಕೊಳವೆ ನೇರ ಪಂಚಾಯ್ತಿ ಬಾಗಿಲಿಗೆ ಮುಖ ಮಾಡಿ ನಿಂತಿತು. ಅಧ್ಯಕ್ಷೆ ಇಳಿಸಲು ಬಿಡಲಿಲ್ಲ. ವಿಷಯ ಸಮಿತಿಗೆ ಹೋಯಿತು.

ಸಮಿತಿಯಲ್ಲಿ ಬಸವಪ್ರಸಾದ್, ನಿವೃತ್ತ ಇಂಗ್ಲಿಷ್ ಪ್ರಾಧ್ಯಾಪಕ ವೃಷಭೇಂದ್ರಪ್ಪ ಮತ್ತು ವಿಶೇಷ ಆಹ್ವಾನಿತರಾಗಿ, ಸೈಟು ಮಾರುವ ಗುತ್ತಿಗೆದಾರ ಶಿವಶಂಕರ ಅವರಿದ್ದರು. ಪ್ರಾಧ್ಯಾಪಕರು ಕನ್ನಡಕ ಒರೆಸಿಕೊಂಡು ಪದದ ಮೂಲ ವಿವರಿಸಿದರು.

“ಟ್ಯಾಂಕ್ ಅನ್ನೋದು ಬಹುಶಃ ನಮ್ಮ ಕಡೆಯದೇ ಮಾತು. ಗುಜರಾತಿನವರು ನೀರಿನ ತೊಟ್ಟಿಗೆ ಟಾಂಕಿ ಅಂತಿದ್ರು. ಪೋರ್ಚುಗೀಸರ ಮಾತೊಂದೂ ಅದಕ್ಕೆ ಸೇರಿಕೊಂಡಿತು. ಇಂಗ್ಲಿಷಿನವರು ಅದನ್ನ ತಗೊಂಡು ನಮ್ಮ ಕೆರೆಗಳಿಗೆಲ್ಲ ಇಟ್ಟರು. ಆಮೇಲೆ ಮೊದಲ ಮಹಾಯುದ್ಧದಲ್ಲಿ ಈ ಉಕ್ಕಿನ ಗಾಡಿ ಮಾಡುವಾಗ, ಶತ್ರುವಿಗೆ ಗುಟ್ಟು ತಿಳೀಬಾರದು ಅಂತ, ‘ಇದು ನೀರಿನ ಟ್ಯಾಂಕು’ ಅಂದುಬಿಟ್ಟರು. ಹೆಸರು ನಿಂತುಹೋಯಿತು.”

“ಅಂದರೆ ಇದು ನೀರಿನ ಟ್ಯಾಂಕು ಅಂತ ಒಂದು ಸರ್ಕಾರವೇ ಹೇಳಿದೆ,” ಎಂದರು ಬಸವಪ್ರಸಾದ್.

“ಹೇಳಿದೆ. ಆದರೆ ಅದು ಸುಳ್ಳು ಹೇಳಿದ್ದು.”

“ಸರ್ಕಾರ ಹೇಳಿದ್ದು ಹೌದು ತಾನೇ?”

ಹೌದೆಂದು ಪ್ರಾಧ್ಯಾಪಕರು ಒಪ್ಪಲೇಬೇಕಾಯಿತು. ಆದೇಶ ಹೊರಟಿತು: “ಸದರಿ ಉಕ್ಕಿನ ವಾಹನವನ್ನು ಇನ್ನು ಮುಂದೆ ಸಕಲ ಉದ್ದೇಶಗಳಿಗೂ ಹಾಲುಮರದಹುಂಡಿ ಕೆರೆ ಎಂದು ಭಾವಿಸತಕ್ಕದ್ದು. ಒಂದು ಗ್ರಾಮಕ್ಕೆ ಎರಡು ಕೆರೆ ದುಂದುವೆಚ್ಚವಾದ್ದರಿಂದ, ಹಳೆಯ ಕೆರೆ ಎಂಬ ತಗ್ಗುಪ್ರದೇಶವನ್ನು ಖಾಲಿ ಜಾಗವೆಂದು ಘೋಷಿಸಲಾಗಿದೆ.” ಮಾರನೆಯ ಬೆಳಗ್ಗೆಯೇ ಶಿವಶಂಕರ ಅವರು ಖಾಲಿ ಜಾಗದಲ್ಲಿ ಸೈಟು ಕಲ್ಲು ನೆಡಿಸಿದರು.

ಮಹಾಲಕ್ಷ್ಮಮ್ಮನವರು ಅಂದು ಮುದ್ದೆ ಮುಟ್ಟಲಿಲ್ಲ. ಕೆರೆ ಉಳಿಸಲು ಹೋಗಿ ನಾನೇ ಕಳೆದೆನಲ್ಲ ಎಂದು ಜಗಲಿಯ ಮೇಲೆ ಕೂತಿದ್ದರು. ಅಷ್ಟರಲ್ಲಿ ಟ್ರೈಲರ್ ಡ್ರೈವರು ಬಂದು ತಲೆ ಕೆರೆದುಕೊಂಡ.

“ಅಮ್ಮ, ಎಲ್ಲಿ ಇಳಿಸ್ಬೇಕು ಅಂತ ಆರ್ಡರಲ್ಲಿ ಬರ್ದೇ ಇಲ್ಲ. ನಾನು ಊರಿಗೆ ಹೋಗ್ಬೇಕು.”

ಮಹಾಲಕ್ಷ್ಮಮ್ಮ ಆದೇಶವನ್ನು ಎರಡು ಸಲ ಓದಿಸಿ ಕೇಳಿದರು. ನಿಜ, ಬರೆದಿರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದರು.

“ಬಾಪ್ಪ, ತೋರುಸ್ತೀನಿ. ಕೆರೆ ಅಂದ್ಮ್ಯಾಲ ಏರಿ ತಾವಾದ್ರೂ ಇರ್ಬೇಕಲ್ವ?”

ಏರಿ ಒಡೆದ ಕಂಡಿಗೆ, ಟ್ರೈಲರ್ ಹಿಂದೆಯೇ ಬಂದಿದ್ದ ಕ್ರೇನು ಟ್ಯಾಂಕನ್ನು ಇಳಿಸಿತು. ಅಳತೆ ಕೊಟ್ಟು ಮಾಡಿಸಿದ ಹಾಗೆ ಅದು ಕಂಡಿಯಲ್ಲಿ ಕೂತುಕೊಂಡಿತು. ಊರವರು ಮಂಕರಿ ಮಂಕರಿ ಮಣ್ಣು ಸುರಿದು ಸಂದು ಮುಚ್ಚಿದರು. ಕಲ್ಲು ಸಾಲದಾಗ, ಹತ್ತಿರದಲ್ಲೇ ಸಾಲಾಗಿ ನೆಟ್ಟಿದ್ದ ಒಳ್ಳೆಯ ಕಲ್ಲುಗಳೂ ಉಪಯೋಗಕ್ಕೆ ಬಂದವು. ಮುಂಗಾರು ಬಂತು. ನೀರು ಏರಿಯ ಎದೆಮಟ್ಟಕ್ಕೆ ನಿಂತಿತು.

ಶಿವಶಂಕರ ಅವರು ಕೋಶಕ್ಕೆ ಓಡಿಬಂದರು. “ಸಾರ್, ನನ್ನ ಸೈಟೆಲ್ಲ ಕೆರೆ ಆಗೋಯ್ತು!”

“ಅಲ್ಲಿ ಕೆರೆ ಇಲ್ಲ. ನೀವೇ ಸಹಿ ಹಾಕಿದ್ದೀರಿ.”

“ಮತ್ತೆ ಆ ನೀರು?”

ಬಸವಪ್ರಸಾದ್ ಕಡತ ತೆರೆದು ಆದೇಶವನ್ನು ಮತ್ತೊಮ್ಮೆ ಓದಿದರು. “ಟ್ಯಾಂಕ್ ಸೋರಿರಬೇಕು.”

ಹೀಗೆ ಅದು ಸೋರಿಕೆ ಎಂದು ದಾಖಲಾಯಿತು. ತಡೆಯಲು ತಂಡವೊಂದು ಬಂತು. ಕೈಗೆ ಸಿಕ್ಕ ಬೋಲ್ಟುಗಳನ್ನೆಲ್ಲ ಬಿಗಿ ಮಾಡಿ, ಫಿರಂಗಿ ಬಾಯಿಗೆ ಮರದ ಬಿರಡೆ ಹೊಡೆದು, ಸೋರಿಕೆ ನಿಂತಿತೇ ಎಂದು ಅಧ್ಯಕ್ಷೆಯನ್ನು ಕೇಳಿತು. ತುಂಬಿದ ನೀರಿನಲ್ಲಿ ಎಮ್ಮೆಗಳ ಮೂಗು ಮಾತ್ರ ಕಾಣುತ್ತಿತ್ತು.

“ವಸಿ ಕಮ್ಮಿ ಆದಂಗದ,” ಎಂದರು ಮಹಾಲಕ್ಷ್ಮಮ್ಮ. “ಬರೋ ವರ್ಸವೂ ಬನ್ನಿ.”

ಪ್ರತಿ ವರ್ಷ ಬರುವುದೆಂದೇ ತೀರ್ಮಾನವಾಯಿತು. ಸೈಟು ಕಳೆದುಕೊಂಡವರಿಗೆ ಅನ್ಯಾಯವಾಗಬಾರದೆಂದು ಸೋರಿಕೆ ತಡೆಯುವ ಗುತ್ತಿಗೆಯನ್ನು ಶಿವಶಂಕರ ಅವರಿಗೇ ಕೊಡಲಾಗಿದೆ. ಸೋರಿಕೆ ಇದ್ದರಷ್ಟೇ ಬಿಲ್ಲು. ಈಗ ಮುಂಗಾರು ಒಂದು ವಾರ ತಡವಾದರೂ ಸಾಕು, ಹಾಲುಮರದಹುಂಡಿಯ ಏರಿಯ ಮೇಲೆ ನಿಂತು, ಹಣೆಗೆ ಕೈ ಅಡ್ಡ ಹಿಡಿದು, ಎಲ್ಲರಿಗಿಂತ ಮೊದಲು ಮೋಡ ಹುಡುಕುವವರು ಅವರೇ.