ಸತ್ತೆಪ್ಪನ ಒನಕೆ

ಈ ಗ್ರಹಣಕ್ಕೆ ಬೀಗತಿಯ ಬಾಯಿ ಮುಚ್ಚಿಸಿಯೇ ತೀರುವೆನೆಂದು ಫಕೀರವ್ವ ಪಣ ತೊಟ್ಟಳು. ಘೋಡಗೇರಿಯ ಆ ಓಣಿಯಲ್ಲಿ ಯೇಸುಸ್ವಾಮಿಯನ್ನು ನಂಬಿದ ಮನೆ ಅವಳದೊಂದೇ. ಹಾವು ಚಂದ್ರನನ್ನು ನುಂಗುತ್ತದೆಂದರೆ ಅವಳು ಕೇಳುವಳೇ! ಅದು ಭೂಮಿಯ ನೆರಳೆಂದು, ಹುಕ್ಕೇರಿಯಿಂದ ಟಾಂಗಾದಲ್ಲಿ ಬಂದ ಪಾದ್ರಿಗಳು ದೀಪದ ಮುಂದೆ ಲಿಂಬೆಹಣ್ಣು ಹಿಡಿದು ತೋರಿಸಿದ್ದರು.

ಬೀಗತಿ ದುಂಡವ್ವ ಮಗಳ ಹೆರಿಗೆಗೆಂದು ಬಂದಿದ್ದಳು. ಮಗಳು ಗೌರವ್ವ ಫಕೀರವ್ವನ ಸೊಸೆ. ಮೊದಲ ಕೂಸು ಉಳಿದಿರಲಿಲ್ಲ. ಅದಕ್ಕೇ ದುಂಡವ್ವ ಹೊತ್ತು ಮುಳುಗುವ ಮೊದಲೇ ಮಗಳನ್ನು ಒಳಕೋಣೆಗೆ ಕಳಿಸಿ, ಚಿಲಕ ಹಾಕಿ, ಬಾಗಿಲಿಗೆ ಬೆನ್ನು ಕೊಟ್ಟು ಕುಳಿತಳು.

"ತಾಟಿನ್ಯಾಗ ನೀರ ಹಾಕಿ ಒನಕಿ ನಿಲ್ಲಸ್ರಿ. ಗ್ರಹಣ ಇರೂತನಾ ನಿಲ್ಲತೈತಿ, ಬಿಟ್ಟಿಂದ ಬೀಳತೈತಿ. ಅದು ಬೀಳೂತನಾ ಈ ಬಾಗಲಾ ತಗಿಯಂಗಿಲ್ಲ."

ಫಕೀರವ್ವ ಒಳಗೊಳಗೇ ನಕ್ಕಳು. ತನ್ನ ಗಂಡ ಸತ್ತೆಪ್ಪ ಜಾಲಿಯಲ್ಲಿ ಕೆತ್ತಿದ ಒನಕೆಯನ್ನೇ ತಂದು ತಾಟಿನ ನೀರಿನಲ್ಲಿ ನಿಲ್ಲಿಸಿದಳು. ಅಗಲ ಬುಡ, ಕೂದಲೆಳೆಯಷ್ಟೂ ಓರೆಯಿಲ್ಲ. ಅಮಾವಾಸ್ಯೆಗೂ ನಿಲ್ಲುತ್ತಿತ್ತು, ಆಡು ಗುದ್ದಿದರೂ ನಿಲ್ಲುತ್ತಿತ್ತು! ಅವನು ಹೋಗಿ ಆರು ತಿಂಗಳು. ಅದು ಮಾತ್ರ ಮೂಲೆಯಲ್ಲಿ ನಿಂತೇ ಇತ್ತು. ಗ್ರಹಣ ಬಿಟ್ಟ ಮೇಲೂ ನಿಂತಿರಲಿ, ಆಗ ಬೀಗತಿಯ ಮೋರೆ ನೋಡಬೇಕು!

ಅಂಗಳಕ್ಕೆ ಬಂದಳು. ಚಂದ್ರ ತಾಮ್ರದ ಪರಾತದಂತೆ ಕೆಂಪಗೆ ಮೂಡಿದ್ದ. ನಗು ಮರೆತುಹೋಯಿತು. ತಾನು ನಿಂತ ನೆಲದ ನೆರಳು ಅಷ್ಟು ದೂರ ಹೋಗಿದೆ! ಸತ್ತೆಪ್ಪನನ್ನು ಮಣ್ಣು ಮಾಡಿದ್ದೂ ಇದೇ ನೆಲದಲ್ಲಿ. ಆ ಮಣ್ಣಿನ ನೆರಳೂ ಅಲ್ಲಿರಬೇಕು.

"ಎಷ್ಟ ದೊಡ್ಡಾಂವಪಾ ನೀ, ಸ್ವಾಮಿ," ಎಂದಳು.

ಮೋಡ ಬಂದು ಎಲ್ಲ ಮುಚ್ಚಿತು. ಗ್ರಹಣ ಹಿಡಿದಿದೆಯೋ ಬಿಟ್ಟಿದೆಯೋ ಹೇಳಲು ಇನ್ನು ಒನಕೆಯೊಂದೇ ಗತಿ. ಆಗಲೇ ಒಳಗಿಂದ ಗೌರವ್ವ ಚೀರಿದಳು.

"ಯವ್ವಾ! ಬ್ಯಾನಿ ಎದ್ದಾವು!"

ಫಕೀರವ್ವ ಓಡಿ ಬಂದಳು. "ಬಾಗಲಾ ತಗೀರಿ ಬೀಗತಿ!"

"ಒನಕಿ ನಿಂತೈತಿ."

"ಅದು ನಾಳೀಗೂ ನಿಂತಿರತೈತ್ರಿ! ನನ್ನ ಗಂಡ ಮಾಡಿದ್ದು ಅದು!"

"ಮುಂಜಾನಿಂದ ನೆಳ್ಳ, ಲಿಂಬಿಹಣ್ಣ ಅಂದ್ರಿ. ಈಗ ಇದೊಂದ ಕಥಿ ಏನ್ರಿ?" ದುಂಡವ್ವ ಬಾಗಿಲಿಗೆ ಬೆನ್ನನ್ನು ಇನ್ನಷ್ಟು ಒತ್ತಿದಳು. "ಹ್ವಾದ ಸಲಾ ಗ್ರಹಣದಾಗ ಹೊರಗ ಬಂದಿದ್ಲು. ಕೂಸು ಉಳೀಲಿಲ್ಲ. ಇನ್ನೊಂದ ಕಳಕೊಳ್ಳಲೇನು?"

ಫಕೀರವ್ವನ ಬಾಯಿಗೇ ಬೀಗ ಬಿತ್ತು. ಒಳಗೆ ಮತ್ತೊಂದು ಚೀರಾಟ. ಅವಳು ಒನಕೆಯ ಮುಂದೆ ಕುಳಿತು ಕೈ ಮುಗಿದಳು.

"ಯೇಸುಸ್ವಾಮಿ, ಇದನ್ನ ಬೀಳಸು."

ಒನಕೆ ಅಲುಗಲಿಲ್ಲ. ಅದನ್ನು ಕೆತ್ತಿದವನೂ ಹಾಗೇ, ಬದುಕಿದ್ದಾಗ ಒಂದು ಮಾತು ಕೇಳಿದವನಲ್ಲ! ಫಕೀರವ್ವ ಕಣ್ಣು ಮುಚ್ಚಿದಳು. "ತಪ್ಪಾತು," ಎಂದಳು, ಗಂಡನಿಗೋ ದೇವರಿಗೋ. ಮುಗಿದ ಕೈ ಬಿಡದೆ, ಸೀರೆಯೊಳಗಿಂದ ಕಾಲು ಚಾಚಿ ಒಂದು ಒದ್ದಳು.

ಧಡಾಲ್!

"ಬಿಡ್ತು! ಗ್ರಹಣ ಬಿಡ್ತು!" ದುಂಡವ್ವ ಚಿಲಕ ಕಿತ್ತು ಒಳಗೆ ನುಗ್ಗಿದಳು.

ಚೆಲ್ಲಿದ ನೀರು ಆರುವ ಮೊದಲೇ ಕೂಸು ಅತ್ತಿತು. ಹೆಣ್ಣು. ಗಟ್ಟಿ ದನಿ!

ಫಕೀರವ್ವನಿಗೆ ಮತ್ತೆ ಹುರುಪೇರಿತು. "ನೋಡಿದ್ರ್ಯಾ ಬೀಗತಿ? ಪ್ರಾರ್ಥನಾ ಮಾಡಿದೆ, ಒನಕಿ ಬಿತ್ತು!"

ದುಂಡವ್ವ ಕೂಸನ್ನು ಒರೆಸುತ್ತ ತಲೆ ಎತ್ತಲಿಲ್ಲ. "ಪ್ರಾರ್ಥನಾ ಜೋರ ಐತ್ರಿ. ಕಾಲಿನ ಹೆಬ್ಬಟ್ಟಿಗೆ ಎಣ್ಣಿ ಹಚ್ಗೋರಿ, ಬಾತೈತಿ."

"ಕಂಡಿದ್ರ್ಯಾ? ಮತ್ತ ಬಾಗಲಾ ಯಾಕ ತಗದ್ರಿ?"

"ನಾ ಒದ್ದಿದ್ರ ದೋಷ ನನಗ ಬರತಿತ್ತು. ನೀವು ನಂಬೂದಿಲ್ಲ, ನಿಮಗೇನ್ರಿ! ಯಾವಾಗ ಒದೀತೀರಿ ಅಂತ ಜೀವಾ ಕೈಯಾಗ ಹಿಡಕೊಂಡ ಕಾಯಾಕತ್ತಿದ್ದೆ. ನೀವು ನೋಡಿದ್ರ ಅದಕ್ಕ ಕೈ ಮುಗಕೋಂತ ಕುಂತಿದ್ರಿ!"